ಕರಕರ

ಹೊಸ ರೇಡಿಯೊ. ಎಂಟುನೂರ ಐವತ್ತು ರೂಪಾಯಿ.
ಬೆಲ್ಲದಚ್ಚಿನಷ್ಟು ದಪ್ಪ, ಅಂಗೈಯಷ್ಟೇ ಅಗಲ.
ಡಬ್ಬಿಯ ಮೇಲೆ ಹಿಮದ ಬೆಟ್ಟ, ಟೆಂಟು, ನಗುವ ಗಂಡಹೆಂಡತಿ;
ಒಳಗೆ ಹೊಸ ಚಪ್ಪಲಿಯ ವಾಸನೆ.

ಮೊದಲು ಬಿಚ್ಚುವುದು, ಆಮೇಲೆ ಹಚ್ಚುವುದು ನನ್ನ ಪದ್ಧತಿ.
ನಾಲ್ಕು ಸ್ಕ್ರೂ. ಒಂದರ ತಲೆ ಕಾರ್ಖಾನೆಯಲ್ಲೇ ಸವೆದಿತ್ತು.
ಬೆಸುಗೆ ಅಡ್ಡಿಯಿಲ್ಲ, ಎರಡು ಕಡೆ ಮಾತ್ರ
ಉಂಡು ಒರೆಸದ ಬಾಯಿಯ ಹಾಗೆ.
ಈ ಉಪ್ಪುಗಾಳಿಗೆ ಹೆಚ್ಚೆಂದರೆ ಎರಡು ಮಳೆಗಾಲ
ಎಂದು ವಹಿಯಲ್ಲಿ ಬರೆದು, ತಾಮ್ರ ಕಂಡಲ್ಲೆಲ್ಲ
ಉಗುರುಬಣ್ಣ ಬಳಿದೆ. ಮಗಳದು, ಗುಲಾಬಿ.
ಕಾರವಾರದಲ್ಲಿ ಯಂತ್ರಕ್ಕೂ ಒಂದಿಷ್ಟು ಶೃಂಗಾರ ಬೇಕು.

ಹಗಲು ಚೆಂದ. ನಮ್ಮೂರ ನಿಲಯ ಗಂಟೆ ಬಡಿದಷ್ಟು ಸ್ಪಷ್ಟ.
ಸಂಜೆ ಏಳಾಗಲಿ, ಶುರು:
ಕರಕರ, ಕರಕರ,
ಒಣಸಿಗಡಿ ಹುರಿದ ಹಾಗೆ.
ಹತ್ತಕ್ಕೆ ಐದು, ಎಂದು ಬರೆದೆ.

ನೇವಿಯವರದ್ದೇ, ಅಂದ ಜಾನು ತಾಂಡೇಲ.
ಅರಗೆಯಲ್ಲಿ ರಾತ್ರಿ ಏನೇನೋ ತಿರುಗಿಸುತ್ತಾರಂತೆ.
ಅಲ್ಲ, ಕೈಗಾದಿಂದ ಬರುವ ತಂತಿ, ಅಂದ ರುಜಾರ.
ಬೈತಖೋಲದಲ್ಲಿ ಹಲ್ಲುನೋವಿಗೂ ಈ ಎರಡೇ ಕಾರಣ.

ಏರಿಯಲ್ ಮಡಚಿ, ರೇಡಿಯೊ ಎದೆಗೆ ಹಿಡಿದು
ಕರಕರದ ಬೆನ್ನು ಹತ್ತಿದೆ.
ಐಸ್ ಫ್ಯಾಕ್ಟರಿಯ ಗೋಡೆ: ಬರೀ ಗೊಣಗು.
ಬಲೆ ಹೆಣೆಯುವ ಷೆಡ್ಡು: ಏನೂ ಇಲ್ಲ.
ಸೋಡಾದಂಗಡಿಯ ಫ್ರಿಜ್ಜು ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು.
ನಾಯಿಯೊಂದು ಜೊತೆಯಾಯಿತು, ಅದಕ್ಕೂ ಏನೋ ಗುಮಾನಿ.
ಮಥುರಾ ಹರಿಕಂತ್ರಳ ಅಂಗಳಕ್ಕೆ ಬಂದೆವು ನೋಡಿ,
ಕೈಯೊಳಗೇ ಬಾಣಲೆ ಕಾದ ಹಾಗಾಯಿತು.

ಬಿಳಿ ದೀಪದಡಿ ಬಂಗಡೆಯ ಹೊಟ್ಟೆಗೆ ಉಪ್ಪು ತುಂಬುತ್ತಿದ್ದಳು.
‘ಏನು ಗಿರಿಧರಣ್ಣ, ದೆವ್ವ ಹಿಡಿಯಲು ಹೊರಟಿರಾ?’
ಒಂದು ಗಳಿಗೆ ಸ್ವಿಚ್ಚು ಆರಿಸು ಅಂದೆ.
ಮೊಣಕೈಯಿಂದ ಆರಿಸಿದಳು.
ಕತ್ತಲು. ಕತ್ತಲಲ್ಲಿ ಯಾರೋ ಕೊಂಕಣಿಯಲ್ಲಿ
ತೆಂಗಿನ ನುಸಿಗೆ ಮದ್ದು ಹೇಳುತ್ತಿದ್ದರು,
ನೀರಿನಷ್ಟು ತಿಳಿ.

ಬಲ್ಬು ಇಳಿಸಿದೆ. ಇನ್ನೂ ಬಿಸಿ.
ಬುಡದಲ್ಲಿ ಮಾರ್ಕರಿನ ಅಕ್ಷರ: ಗಿ. ಬಾ.,
ಫೆಬ್ರುವರಿ, ಮೂವತ್ತು ರೂಪಾಯಿ.

ನನ್ನದೇ ಕೈ.
ಸುಟ್ಟುಹೋದ ಪುಟ್ಟ ಸುರುಳಿ ಕಿತ್ತು
ಅದರ ಜಾಗಕ್ಕೆ ಬರಿಯ ತಂತಿ ಎಳೆದಿದ್ದೆ. ಸುರುಳಿ ಇರಲಿಲ್ಲ,
ಹುಬ್ಬಳ್ಳಿಯಿಂದ ಬರಬೇಕು, ನಾಲ್ಕು ರೂಪಾಯಿಯದ್ದು.
ಉರಿಯಿತಲ್ಲ, ಅಂದಿದ್ದೆ.
ಉರಿದಿತ್ತು. ಅವಳು ಖುಷಿಗೆ ಎರಡು ಬಂಗಡೆ ಜಾಸ್ತಿ ಕೊಟ್ಟಿದ್ದಳು.
ಸುರುಳಿಯ ಕೆಲಸ ದೀಪ ಉರಿಸುವುದಲ್ಲ,
ದೀಪದ ಗಲಾಟೆ ಪಕ್ಕದ ಮನೆಗೆ ಹೋಗದಂತೆ
ಬಾಗಿಲಲ್ಲಿ ನಿಲ್ಲುವುದು. ಗೊತ್ತಿತ್ತು ನನಗೆ.

ಆ ತಿಂಗಳ ಪುಟ ತಿರುವಿದೆ:
ಅಂಥವು ಹನ್ನೊಂದು.
ತಾರಸಿ ಹತ್ತಿ ನೋಡಿದರೆ ಕೇರಿಯ ತುಂಬ
ಬೆಳ್ಳಗೆ ಉರಿಯುತ್ತಿತ್ತು ನನ್ನ ಹಸ್ತಾಕ್ಷರ.

ಸುರುಳಿ ತರಿಸಿ ಮನೆಮನೆಗೆ ಹೋದೆ, ಬಿಟ್ಟಿ ಕೆಲಸ.
ಯಾಕೆ ಅಂದರೆ, ಉಪ್ಪು ಹಿಡಿದಿದೆ ಅಂದೆ.
ಈ ಊರಲ್ಲಿ ಸುಳ್ಳೂ ಉಪ್ಪಿನಲ್ಲಿ ಕೆಡದೆ ಉಳಿಯುತ್ತದೆ.
ಮಥುರಾಗೆ ಮಾತ್ರ ನಿಜ ಹೇಳಿದೆ;
ಹಾಗಾದರೆ ಆ ಎರಡು ಬಂಗಡೆ ವಾಪಸು ಕೊಡಿ, ಅಂದಳು.
ನಗಲಿಲ್ಲ.

ಹತ್ತು ಮುಗಿದಿವೆ. ಹನ್ನೊಂದನೆಯದು ಜಾನುವಿನದು.
ಅವನು ಏಣಿ ಕೊಡುವುದಿಲ್ಲ. ಕರಕರ ನೇವಿಯದೇ ಎನ್ನುತ್ತಾನೆ.
ಅವನು ದೋಣಿಗೆ ಹೋದ ರಾತ್ರಿ ದೀಪ ಆರಿರುತ್ತದೆ.
ಮೊನ್ನೆ ಅಂಥದೊಂದು ರಾತ್ರಿ, ಮೇ ತಿಂಗಳ ಸೆಕೆ,
ಎಲೆ ಅಲುಗುತ್ತಿಲ್ಲ, ಸಮುದ್ರದ ಮೇಲೆ ಬಿಸಿಗಾಳಿಯ ಮುಚ್ಚಳ.
ಮುಳ್ಳು ತಿರುಗಿಸುತ್ತಿದ್ದವನಿಗೆ ಯಾವಳೋ ಸಿಕ್ಕಳು,
ಅರಬ್ಬಿಯಲ್ಲಿ ಏನೋ ಓದುತ್ತಿದ್ದಳು, ನಿಧಾನವಾಗಿ.
ಹವಾಮಾನವೊ, ಚಿನ್ನದ ದರವೊ.
ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು.

ವಹಿಯಲ್ಲಿ ಐದು ಹೊಡೆದು ಎಂಟು ಮಾಡಿದ್ದೇನೆ.
ಕಳೆದ ಎರಡರಲ್ಲಿ ಒಂದು
ಆ ಸವೆದ ಸ್ಕ್ರೂವಿನದು.